ಏರು ಬಂದಾಗ ಗೇರು ಇಳಿಸಿರಿ

(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಸಂಬಳ, ರಜೆಗಳ ವಿಷಯವಾಗಿ ನಾನು ಮಾತನಾಡುವೆನೆಂದು ತಾವು ಎಣಿಸಿರಬಹುದು. ಕೊನೆಯಲ್ಲಿ ಆ ಮಾತೂ ಬರುತ್ತದೆ. ಮೊದಲು ಮೋಟಾರ್ ಸೈಕಲ್ಲಿನ ಮಾತು. ನಮ್ಮವರಲ್ಲಿ ಈಗ ಅನೇಕರು ತಟ್ಟೆ-ಲೋಟ ಬಿಟ್ಟು ಗಾಡಿಯ ಹ್ಯಾಂಡಲು ಹಿಡಿದಿದ್ದಾರೆ. ಅಡುಗೆಮನೆಯಿಂದ ಶಾಖೆಗೆ ಹಿಟ್ಟು, ಮಾರ್ಕೆಟ್ಟಿನಿಂದ ತೆಂಗಿನಕಾಯಿ, ಗಿರಾಕಿಗಳ ಮನೆಗೆ ಊಟ, ಎಲ್ಲವೂ ಎರಡು ಚಕ್ರದ ಮೇಲೆಯೇ ಸಾಗುತ್ತದೆ. ಗಾಡಿ ನಿಂತರೆ ನಮ್ಮ ಒಲೆಯೂ ನಿಂತಂತೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ದಿನವೂ ಬೆಳಿಗ್ಗೆ ಮಲಬಾರ್ ಹಿಲ್ಲಿನ ಏರು ಹತ್ತಿ ಸಾಮಾನು ಮುಟ್ಟಿಸುವುದು ನನ್ನ ಪಾಲಿಗಿತ್ತು. ಗಾಡಿ ನನ್ನದು, ಸಾಲದ ಮೇಲೆ ಕೊಂಡದ್ದು. ಇಪ್ಪತ್ತೈದು ಕಿಲೋದ ಎರಡು ಹಿಟ್ಟಿನ ಡಬ್ಬ, ಅದರ ಮೇಲೆ ಮೂವತ್ತು ಕಿಲೋ ಕಾಯಿಯ ಮೂಟೆ. ಏರಿನಲ್ಲಿ ಗಾಡಿ ಏದುಸಿರು ಬಿಡುತ್ತಿತ್ತು. ಗೇರು ಇಳಿಸಿದರೆ ಪೆಟ್ರೋಲು ಹೆಚ್ಚು ಕುಡಿಯುವುದೆಂದು ನಾನು ಇಳಿಸುತ್ತಿರಲಿಲ್ಲ. ಕ್ಲಚ್ಚನ್ನು ಅರ್ಧ ಹಿಡಿದು ಎಕ್ಸಿಲೇಟರು ತಿರುವುತ್ತಿದ್ದೆ. ಒಂದು ದಿನ ಅರ್ಧ ಏರಿನಲ್ಲಿ ಸುಟ್ಟ ವಾಸನೆ ಬಂತು. ಇಂಜಿನ್ನು ಕೂಗುತ್ತದೆ, ಚಕ್ರ ಮಾತ್ರ ತಿರುಗದು. ಹಿಟ್ಟು ತಡವಾಗಿ ತಲುಪಿತು, ಸ್ವಲ್ಪ ಚೆಲ್ಲಿಯೂ ಹೋಗಿತ್ತು. ಚೆಲ್ಲಿದ ಹಿಟ್ಟಿನ ಹಣವನ್ನು ಸಂಬಳದಲ್ಲಿ ಮುರಿದರು. ರಿಪೇರಿಯ ಖರ್ಚೂ ನನ್ನ ತಲೆಗೇ ಬಂತು.

ಗ್ಯಾರೇಜಿನ ಮೇಸ್ತ್ರಿ ಕಪ್ಪಾದ ಕ್ಲಚ್ ಪ್ಲೇಟುಗಳನ್ನು ನನ್ನ ಕೈಯಲ್ಲಿಟ್ಟು, ತಪ್ಪು ಗಾಡಿಯದಲ್ಲ, ನಿನ್ನ ಎಡಗೈಯದು ಎಂದ. ಆ ಮಾತು ನನಗೆ ನಾಟಿತು. ಅವನಿಂದ ಕಲಿತುದನ್ನೇ ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. ಗಾಡಿ 110 ಕಿಲೋ, ನಾನು 60, ಹೊರೆ 80. ಒಟ್ಟು 250. ಹತ್ತು ಅಡಿ ಸಾಗಿದರೆ ಒಂದು ಅಡಿ ಮೇಲಕ್ಕೇರುವ ರಸ್ತೆಯಲ್ಲಿ ಈ ಭಾರದ ಹತ್ತನೆಯ ಒಂದು ಪಾಲು, ಅಂದರೆ 25 ಕಿಲೋ, ಸದಾ ಹಿಂದಕ್ಕೆ ಜಗ್ಗುತ್ತಿರುತ್ತದೆ. ಹೊರೆಯಿಲ್ಲದಿದ್ದರೆ ಅದು 17 ಕಿಲೋ ಮಾತ್ರ. ನೂರು ಸಿಸಿ ಗಾಡಿಗೆ ಸುಮಾರು 8 ಅಶ್ವಶಕ್ತಿ ಎನ್ನುತ್ತಾರೆ. ಆದರೆ ಆ ಶಕ್ತಿ ಇಂಜಿನ್ನು ವೇಗವಾಗಿ ತಿರುಗುವಾಗ ಮಾತ್ರ ಸಿಗುತ್ತದೆ. ನಿಧಾನವಾಗಿ ತಿರುಗುವಾಗ ಅದರ ಅರ್ಧವೂ ಸಿಗದು.

ತಲೆಯ ಮೇಲೆ ಅಕ್ಕಿ ಮೂಟೆ ಹೊತ್ತು ಗುಡ್ಡ ಹತ್ತುವವನನ್ನು ಊರಲ್ಲಿ ನೋಡಿದ್ದೀರಲ್ಲ? ಅವನು ಮಾರುದ್ದದ ಹೆಜ್ಜೆ ಹಾಕುವುದಿಲ್ಲ. ಸಣ್ಣ ಹೆಜ್ಜೆ, ಆದರೆ ಬೇಗ ಬೇಗ. ಕೆಳಗಿನ ಗೇರು ಎಂದರೆ ಇಷ್ಟೇ. ಇಂಜಿನ್ನು ಹೆಚ್ಚು ಸುತ್ತು ತಿರುಗುತ್ತದೆ, ಚಕ್ರ ಕಡಿಮೆ ತಿರುಗುತ್ತದೆ, ಎಳೆಯುವ ಬಲ ಹೆಚ್ಚುತ್ತದೆ. ಮೇಲಿನ ಗೇರಿನಲ್ಲೇ ಎಳೆದಾಡಿದರೆ ಗಾಡಿ ನಡುಗುತ್ತದೆ, ಒಳಗೆ ಟಕ್ ಟಕ್ ಸಪ್ಪಳ ಬರುತ್ತದೆ. ಅದು ಪಿಸ್ಟನ್ನಿಗೂ ಬೇರಿಂಗಿಗೂ ಬೀಳುವ ಪೆಟ್ಟು. ಇನ್ನೊಂದು ಮಾತು: ನಮ್ಮ ಸಣ್ಣ ಗಾಡಿಗಳ ಇಂಜಿನ್ನನ್ನು ತಣಿಸುವುದು ಎದುರುಗಾಳಿ. ಏರಿನಲ್ಲಿ ಕಾವು ಹೆಚ್ಚು, ವೇಗ ಕಡಿಮೆ, ಗಾಳಿಯೂ ಕಡಿಮೆ.

ಆದುದರಿಂದ ಏರು ಆರಂಭವಾಗುವ ಮುಂಚೆಯೇ ಗೇರು ಇಳಿಸಿರಿ. ಎಕ್ಸಿಲೇಟರನ್ನು ಇನ್ನಷ್ಟು ತಿರುವಿದರೂ ವೇಗ ಏರದಿದ್ದರೆ ಇನ್ನೂ ಒಂದು ಗೇರು ಇಳಿಸಿರಿ. ಮೊದಲನೆಯ ಗೇರಿನಲ್ಲಿ ಹತ್ತುವುದು ನಾಚಿಕೆಯಲ್ಲ. ಇಂಜಿನ್ನು ಕಿರಿಚಿಕೊಂಡರೆ ಮಾತ್ರ ವೇಗ ತಗ್ಗಿಸಿರಿ. ಗೇರು ಬದಲಿಸಿದ ಕೂಡಲೇ ಕ್ಲಚ್ಚಿನಿಂದ ಬೆರಳು ಪೂರ್ತಿ ತೆಗೆಯಿರಿ. ಅರ್ಧ ಹಿಡಿದ ಕ್ಲಚ್ಚಿನಲ್ಲಿ ಪ್ಲೇಟುಗಳು ಒಂದಕ್ಕೊಂದು ಜಾರಿ ಉಜ್ಜಿಕೊಂಡು ಸುಡುತ್ತವೆ. ಏರಿನಲ್ಲಿ ಸಿಗ್ನಲ್ ಬಿದ್ದರೆ ಗಾಡಿಯನ್ನು ಬ್ರೇಕಿನ ಮೇಲೆ ನಿಲ್ಲಿಸಿರಿ, ಕ್ಲಚ್ಚಿನ ಮೇಲಲ್ಲ. ಗೇರಿಲ್ಲದ ಸ್ಕೂಟರಿನವರಿಗೂ ಇದೇ ಮಾತು. ಎಕ್ಸಿಲೇಟರಿನ ಬಲದಿಂದ ಏರಿನಲ್ಲಿ ನಿಂತರೆ ಒಳಗಿನ ಬೆಲ್ಟೂ ಕ್ಲಚ್ಚೂ ಕಾಯುತ್ತವೆ.

ಹೊರೆಯನ್ನು ತಗ್ಗಾಗಿ, ಸೀಟಿನ ಹತ್ತಿರ ಕಟ್ಟಿರಿ. ಹಿಂದಿನ ಚಕ್ರಕ್ಕಿಂತ ಆಚೆಗೆ ಭಾರ ಹೋದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲು ಮಾತು ಕೇಳದು. ಹಿಂದಿನ ಟೈರಿಗೆ ಕಂಪನಿಯವರು ಭಾರಕ್ಕೆಂದು ಹೇಳಿದಷ್ಟು ಗಾಳಿ ಇರಲಿ. ಆಯಿಲು, ಚೈನು ವಾರಕ್ಕೊಮ್ಮೆ ನೋಡಿರಿ. ಇಳಿಯುವಾಗಲೂ ಹತ್ತಿದ ಗೇರಿನಲ್ಲೇ ಇಳಿಯಿರಿ. ಪೆಟ್ರೋಲು ಉಳಿಸಲು ಇಂಜಿನ್ನು ಆರಿಸಿ ಜಾರುವುದು ಪ್ರಾಣಕ್ಕೆ ಸಂಚಕಾರ.

ಇದು ನಮ್ಮ ಕೈಯಲ್ಲಿರುವ ಅರ್ಧ. ಇನ್ನರ್ಧ ಹೊರೆ ಹೇರುವವರ ಕೈಯಲ್ಲಿದೆ.

ಪುಣೆಗೆ ರೈಲಿನಲ್ಲಿ ಹೋದವರಿಗೆ ಕರ್ಜತ್ ನಿಲ್ದಾಣ ಗೊತ್ತು. ಅಲ್ಲಿಂದ ಮುಂದೆ ಬೋರ್ ಘಾಟ್. 1863ರಲ್ಲಿ ಅಲ್ಲಿ ರೈಲು ಹತ್ತಿತು. 37 ಅಡಿಗೆ ಒಂದು ಅಡಿಯ ಏರು. ಇಂದಿಗೂ ಎಷ್ಟೋ ರೈಲುಗಳಿಗೆ ಕರ್ಜತ್ತಿನಲ್ಲಿ ಹಿಂದಿನಿಂದ ತಳ್ಳಲು ಬೇರೆ ಇಂಜಿನ್ನುಗಳನ್ನು ಜೋಡಿಸುತ್ತಾರೆ. ಮುಂದಿನ ಇಂಜಿನ್ನು ಸೋಮಾರಿಯೆಂದು ಅಲ್ಲಿ ಯಾರೂ ಬಯ್ಯುವುದಿಲ್ಲ. ಏರು ಎಷ್ಟು, ಭಾರ ಎಷ್ಟು ಎಂದು ಲೆಕ್ಕ ಹಾಕಿ ನೆರವು ಕೊಡುತ್ತಾರೆ. ಕಬ್ಬಿಣಕ್ಕೆ ಸಿಗುವ ಈ ನ್ಯಾಯ ಹಿಟ್ಟಿನ ಡಬ್ಬ ಹೊರುವ ಹುಡುಗನಿಗೆ ಏಕೆ ಸಿಗಬಾರದು?

ನನ್ನ ಎಡಗೈಯ ತಪ್ಪನ್ನು ಒಪ್ಪಿಕೊಂಡೆ. ಆದರೆ ಎಂಬತ್ತು ಕಿಲೋ ಹೇರಿದವರ ತಪ್ಪನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬಹುದೆಂದು ನನಗೆ ತಿಳಿದೇ ಇರಲಿಲ್ಲ. ಕೆಲಸಗಾರನ ವಶಕ್ಕೆ ಕೊಟ್ಟ ಮಾಲು ನಷ್ಟವಾಯಿತೆಂದು ಸಂಬಳ ಮುರಿಯಬೇಕಾದರೆ, ಆ ನಷ್ಟ ಅವನ ಅಲಕ್ಷ್ಯದಿಂದಲೇ ಆದದ್ದಿರಬೇಕು. ಮುರಿಯುವ ಮೊದಲು ಅವನ ಸಮಜಾಯಿಷಿ ಕೇಳಬೇಕು. 1936ರ ವೇತನ ಪಾವತಿ ಕಾಯಿದೆಯಲ್ಲಿ ಈ ರಕ್ಷಣೆ ಇತ್ತು. 2019ರ ವೇತನ ಸಂಹಿತೆಯಲ್ಲಿಯೂ ಇದೆ. ನಷ್ಟವಾದುದಕ್ಕಿಂತ ಹೆಚ್ಚು ಮುರಿಯುವಂತೆಯೂ ಇಲ್ಲ.

ಹಾಗಾಗಿ ತಮ್ಮಲ್ಲಿ ಮೂರು ಬಿನ್ನಹ. ಹೊರೆಯನ್ನು ಕಣ್ಣಂದಾಜಿನಲ್ಲಿ ಹೇರಿಸಿಕೊಳ್ಳಬೇಡಿ, ತೂಗಿಸಿರಿ. ಗಾಡಿಯ ಪುಸ್ತಕದಲ್ಲಿ ಸವಾರನನ್ನೂ ಸೇರಿಸಿ ಎಷ್ಟು ಭಾರವೆಂದು ಬರೆದಿರುತ್ತದೆ. ಹೆಚ್ಚಾದರೆ ಎರಡು ಸಲ ಹೋಗುತ್ತೇನೆಂದು ವಿನಯದಿಂದ, ಆದರೆ ಗಟ್ಟಿಯಾಗಿ ಹೇಳಿರಿ. ಹೋಟೆಲಿನ ಕೆಲಸಕ್ಕೆ ಸವೆಯುವ ಗಾಡಿಯ ದುರಸ್ತಿಯಲ್ಲಿ ಮಾಲಕರ ಪಾಲೂ ಇರಬೇಕೆಂದು ಎಲ್ಲರೂ ಕೂಡಿ ಕೇಳೋಣ. ಒಬ್ಬನೇ ಕೇಳಿದರೆ ಅವನನ್ನು ನಾಳೆಯಿಂದ ಬರಬೇಡವೆಂದಾರು. ಇಪ್ಪತ್ತು ಮಂದಿ ಕೇಳಿದರೆ ಕುಳಿತು ಮಾತನಾಡುತ್ತಾರೆ. ಸಂಘವೂ ಕರ್ಜತ್ತಿನ ಹಿಂದಿನ ಇಂಜಿನ್ನಿನ ಹಾಗೆಯೇ. ಏರಿನಲ್ಲಿ ಬೆನ್ನಿಗೆ ನಿಲ್ಲುವುದೇ ಅದರ ಕೆಲಸ.

ನಾಳೆ ಬೆಳಿಗ್ಗೆ ಗಾಡಿ ಹತ್ತುವ ಮುಂಚೆ ಒಮ್ಮೆ ಹೊರೆಯ ಕಡೆ ನೋಡಿರಿ, ಏರಿನ ಬುಡದಲ್ಲಿ ಗೇರು ಇಳಿಸಿರಿ.