ಮಕ್ಕಳ ಆಟವಿನೋದಗಳು ಮತ್ತು ನಮ್ಮ ಹೊಣೆ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ತಂದೆತಾಯಂದಿರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)

ಕ್ರಿಸ್ತರಲ್ಲಿ ಪ್ರಿಯ ತಂದೆತಾಯಂದಿರೇ, ಹಿರಿಯರೇ, ಹಿಂದಿನ ಬೆಂಚುಗಳಲ್ಲಿ ಕುಳಿತು ಈಗಾಗಲೇ ಬಾಗಿಲ ಕಡೆ ನೋಡುತ್ತಿರುವ ಮಕ್ಕಳೇ,

ಶತಮಾನೋತ್ಸವದ ವೇದಿಕೆಯಿಂದ ಗುರುಗಳಾದವರು ದೇವಾಲಯದ ಇತಿಹಾಸವನ್ನೋ ಹಿರಿಯರ ತ್ಯಾಗವನ್ನೋ ಕುರಿತು ಮಾತನಾಡುವುದು ವಾಡಿಕೆ. ಆ ವಿಷಯಗಳನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ನಾವು ಇಂದು ಆಟದ ವಿಷಯವನ್ನು ಎತ್ತಿಕೊಂಡಿದ್ದೇವೆ. ಅರುವತ್ತು ದಾಟಿದ ಗುರುವಿಗೆ ಲಗೋರಿಯ ಚಿಂತೆ ಏಕೆಂದು ಕೆಲವರು ನಗಬಹುದು. ನಗಲಿ; ಆದರೆ ಕೊನೆಯವರೆಗೆ ಕೇಳಲಿ.

ಬೇಸಿಗೆ ರಜೆ ಬಂತೆಂದರೆ ತಾಯಂದಿರು ನಮ್ಮ ಬಳಿಗೆ ತರುವ ದೂರು ಒಂದೇ: “ಫಾದರ್, ಈ ಊರಿನಲ್ಲಿ ಮಕ್ಕಳಿಗೆ ಮಾಡಲಿಕ್ಕೆ ಏನೂ ಇಲ್ಲ. ಮೊಬೈಲು ಕಿತ್ತುಕೊಂಡರೆ ಅಳುತ್ತಾರೆ, ಕೊಟ್ಟರೆ ಕಣ್ಣು ಹಾಳು ಮಾಡಿಕೊಳ್ಳುತ್ತಾರೆ.” ಬೆಂಗಳೂರಿನ ಎದುರಿಗೆ ನಮ್ಮ ಶಿವಮೊಗ್ಗ ಸಣ್ಣ ನಗರವೆಂಬುದು ನಿಜ. ಆದರೆ ಇಲ್ಲಿ ಏನೂ ಇಲ್ಲವೆಂಬ ಮಾತನ್ನು ನಾವು ಒಪ್ಪಲಾರೆವು. ತೀರ್ಥಹಳ್ಳಿಯ ಬಸ್ಸು ಹತ್ತಿದರೆ ಹದಿನಾಲ್ಕು ಕಿಲೋಮೀಟರಿನಲ್ಲಿ ಸಕ್ರೆಬೈಲು. ಬೆಳಗಿನ ಹೊತ್ತು ಮಾವುತರು ಆನೆಗಳನ್ನು ತುಂಗೆಯ ಹಿನ್ನೀರಿಗೆ ಇಳಿಸಿ ಮೈ ತಿಕ್ಕುವುದನ್ನು ನೋಡಲು ಪರದೇಶದವರು ಬರುತ್ತಾರೆ. ನಮ್ಮ ಧರ್ಮೋಪದೇಶದ ತರಗತಿಯಲ್ಲಿ ಕೇಳಿದಾಗ ಅರ್ಧಕ್ಕರ್ಧ ಮಕ್ಕಳು ಅದನ್ನು ನೋಡಿರಲಿಲ್ಲ. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ಅಲ್ಲಿಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಸಾಗರದ ರಸ್ತೆಯಲ್ಲಿ ತ್ಯಾವರೆಕೊಪ್ಪದ ಹುಲಿ ಸಿಂಹಗಳಿವೆ. ಕೂಡಲಿಯಲ್ಲಿ ತುಂಗೆ ಭದ್ರೆಯರು ಸೇರುವ ಸ್ಥಳದಲ್ಲಿ ನಿಲ್ಲಿಸಿ ತೋರಿಸಿದರೆ ಪಠ್ಯಪುಸ್ತಕದ ಭೂಗೋಳ ಒಂದೇ ಗಳಿಗೆಯಲ್ಲಿ ಅರ್ಥವಾಗುತ್ತದೆ. ಊರೊಳಗೇ ಶಿವಪ್ಪನಾಯಕನ ಅರಮನೆಯಿದೆ. ಅದರ ಅಂಗಳದ ವೀರಗಲ್ಲುಗಳ ಮುಂದೆ ಒಬ್ಬ ಅಜ್ಜ ಕುಳಿತು ಕಥೆ ಹೇಳಿದರೆ ಸಾಕು, ಟಿಕೇಟಿನ ವಿನೋದ ಬೇಕಿಲ್ಲ.

ಆದರೆ ಇವೆಲ್ಲ ವರ್ಷಕ್ಕೆ ಒಂದೆರಡು ಬಾರಿಯ ಮಾತು. ಪ್ರತಿದಿನ ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ ಮಗು ಎಲ್ಲಿರಬೇಕೆಂಬುದೇ ನಿಜವಾದ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ನಾವು ನಿಮ್ಮೆಲ್ಲರ ಮುಂದೆ ಒಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ.

ನಾಲ್ಕು ವರ್ಷಗಳ ಹಿಂದೆ ನಾವು ಈ ಧರ್ಮಕೇಂದ್ರಕ್ಕೆ ಬಂದ ಹೊಸತರಲ್ಲಿ, ದೇವಾಲಯದ ಪಕ್ಕದ ಮೈದಾನದಲ್ಲಿ ಆಡುತ್ತಿದ್ದ ಹುಡುಗರ ಚೆಂಡು ಬಡಿದು ಬಣ್ಣದ ಗಾಜೊಂದು ಒಡೆಯಿತು. ಅದು ಹಿರಿಯರೊಬ್ಬರು ತಮ್ಮ ತಾಯಿಯ ನೆನಪಿಗೆ ಕೊಟ್ಟ ಗಾಜು. ನೆರೆಯವರು ಗದ್ದಲದ ದೂರನ್ನೂ ತಂದಿದ್ದರು. ಸಿಟ್ಟಿನಲ್ಲಿ ನಾವು ಗೇಟಿಗೆ ಬೀಗ ಹಾಕಿಸಿದೆವು. ಶಿಸ್ತು ಬಂತು, ಶಾಂತಿ ಬಂತು, ಮೈದಾನದ ತುಂಬ ಹುಲ್ಲು ಬಂತು. ಆ ಬೇಸಿಗೆಯಲ್ಲಿಯೇ ಒಂದು ಮಧ್ಯಾಹ್ನ ನಮ್ಮ ಬಲಿಪೀಠದ ಸೇವಕರಲ್ಲಿ ಮೂವರು ಹುಡುಗರು ನಾಲೆಗೆ ಈಜಲು ಹೋದರು. ಒಬ್ಬನು ಸೆಳವಿಗೆ ಸಿಕ್ಕಿದನು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಸೀರೆಯನ್ನೇ ಎಸೆದು ಅವನನ್ನು ಎಳೆದುಕೊಂಡಳು. ಅವಳು ನಮ್ಮ ಧರ್ಮದವಳಲ್ಲ, ನಮ್ಮ ಕೇರಿಯವಳೂ ಅಲ್ಲ. ಆಸ್ಪತ್ರೆಯಲ್ಲಿ ನಾವು ಆ ಹುಡುಗನನ್ನು ಗದರಿಸಿ, “ನಾಲೆಗೆ ಏಕೆ ಹೋದೆ?” ಎಂದು ಕೇಳಿದೆವು. “ಗೇಟಿಗೆ ಬೀಗ ಇತ್ತಲ್ಲ ಫಾದರ್” ಎಂದನು. ಅವನ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದ ಸಂಗತಿಯನ್ನು ಹೇಳಿದನಷ್ಟೆ. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಆಟವೆಂಬುದು ಓದು ಮುಗಿದ ಮೇಲೆ ಕೊಡುವ ಬಹುಮಾನವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ನಾವು ಓದಿದ ಗುರುಮಠದಲ್ಲಿ ಹಾಗಿರಲಿಲ್ಲ. ಸಂಜೆಯ ಗಂಟೆ ಬಾರಿಸಿದ ಮೇಲೆ ಮೈದಾನಕ್ಕೆ ಇಳಿಯದವನು ಪ್ರಾರ್ಥನೆಗೆ ತಪ್ಪಿಸಿಕೊಂಡವನಷ್ಟೇ ತಪ್ಪಿತಸ್ಥನಾಗಿದ್ದನು. ವಿಶ್ವ ಆರೋಗ್ಯ ಸಂಸ್ಥೆಯೂ ಐದರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಮೈ ಬೆವರುವ ಚಟುವಟಿಕೆ ಬೇಕೆಂದು ಹೇಳುತ್ತದೆ. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿ, ನಮ್ಮ ದೇಶವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯಲ್ಲಿ ಆಟವೂ ವಿರಾಮವೂ ಮಗುವಿನ ಹಕ್ಕೆಂದು ಬರೆದಿದೆ. ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಮಕ್ಕಳನ್ನು ಸ್ಕೂಟರಿನಲ್ಲಿ ಸಾಗಿಸುವ ತಂದೆಯರು ಇದನ್ನು ಸ್ವಲ್ಪ ಯೋಚಿಸಬೇಕು.

ಗದ್ದಲದ ದೂರು ಹೊಸತೇನಲ್ಲ. ಸಂತ ಜಾನ್ ಬೋಸ್ಕೊ ಅವರು 1841ರಲ್ಲಿ ಗುರುದೀಕ್ಷೆ ಪಡೆದು ತೂರಿನ್ ನಗರದ ದಿಕ್ಕಿಲ್ಲದ ಹುಡುಗರನ್ನು ಒಟ್ಟುಗೂಡಿಸತೊಡಗಿದಾಗ, ಅವರ ಕೂಗಾಟವನ್ನು ಸಹಿಸದೆ ಜನರು ಅವರನ್ನು ಒಂದು ಸ್ಥಳದಿಂದ ಇನ್ನೊಂದಕ್ಕೆ ಅಟ್ಟಿದರು. 1846ರ ಪಾಸ್ಕ ಹಬ್ಬದ ಹೊತ್ತಿಗೆ ವಾಲ್ದೊಕ್ಕೊ ಎಂಬಲ್ಲಿ ಒಂದು ತಗ್ಗು ಚಾವಣಿಯ ಕೊಟ್ಟಿಗೆ ಸಿಕ್ಕಿತು. ಅದರೊಡನೆ ಆಡಲು ಬಯಲೂ ಸಿಕ್ಕಿತು. ಬಾಲ್ಯದಲ್ಲಿ ಅವರು ಹಗ್ಗದ ಮೇಲೆ ನಡೆದು, ಕೈಚಳಕ ತೋರಿಸಿ ಹಳ್ಳಿಯ ಹುಡುಗರನ್ನು ಸೇರಿಸುತ್ತಿದ್ದರಂತೆ. ನಮಗೆ ಹಗ್ಗದ ಮೇಲೆ ನಡೆಯುವ ಧೈರ್ಯವಿಲ್ಲ. ಬೀಗ ತೆಗೆಯುವ ಧೈರ್ಯವಾದರೂ ಇರಬೇಡವೇ?

ಬಯಲೊಂದಿದ್ದರೆ ಖರ್ಚು ಹೆಚ್ಚಿಲ್ಲ. ವಾಲಿಬಾಲಿಗೆ ಹದಿನೆಂಟು ಮೀಟರು ಉದ್ದ, ಒಂಬತ್ತು ಮೀಟರು ಅಗಲದ ಅಂಕಣ ಸಾಕು. ಹನ್ನೆರಡು ಮಂದಿ ಒಮ್ಮೆಗೇ ಆಡಬಹುದು. ಲಗೋರಿಗೆ ಏಳು ಬಿಲ್ಲೆ, ಒಂದು ಚೆಂಡು. ಕುಂಟೆಬಿಲ್ಲೆಗೆ ಒಂದು ಒಡೆದ ಹೆಂಚಿನ ಚೂರು. ಖೋಖೋ, ಕಬಡ್ಡಿಗಳಿಗೆ ಅದೂ ಬೇಡ. ಮಲೆನಾಡಿನ ಮಳೆ ಹಿಡಿದರೆ ಜಗಲಿಯ ಮೇಲೆ ಅಳಗುಳಿಮಣೆ, ಚೌಕಾಬಾರ. ಕವಡೆ ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಬೋರಲು ಬಿದ್ದರೆ ಬಾರ ಎಂದು ಮೊಮ್ಮಕ್ಕಳಿಗೆ ಹೇಳಿಕೊಡಬಲ್ಲ ಅಜ್ಜಿಯರು ಮುಂದಿನ ಸಾಲಿನಲ್ಲಿಯೇ ಆರು ಮಂದಿ ಕುಳಿತಿದ್ದಾರೆ. ಎಣಿಕೆ ಬಾರದ ಮಗುವಿಗೆ ಅದಕ್ಕಿಂತ ಒಳ್ಳೆಯ ಗಣಿತದ ಮಾಸ್ತರು ಇಲ್ಲ.

ಹುಡುಗಿಯರ ವಿಷಯದಲ್ಲಿ ನಾವೆಲ್ಲರೂ ಹೆಚ್ಚು ತಪ್ಪಿದ್ದೇವೆ. ಹನ್ನೆರಡು ತುಂಬಿದ ಕೂಡಲೇ ಅವರ ಆಟ ನಿಂತುಹೋಗುತ್ತದೆ. ಅಣ್ಣನು ಮೈದಾನಕ್ಕೆ, ತಂಗಿಯು ಪಾತ್ರೆಗೆ. ಮೈದಾನ ತೆರೆದರೂ ಅದನ್ನು ದೊಡ್ಡ ಹುಡುಗರು ಕ್ರಿಕೆಟ್ಟಿಗೆಂದು ಇಡಿಯಾಗಿ ಹಿಡಿದುಕೊಂಡರೆ ಹುಡುಗಿಯರಿಗೂ ಚಿಕ್ಕವರಿಗೂ ಗೋಡೆಯ ಅಂಚೇ ಗತಿ. ಆದುದರಿಂದ ವಾರದಲ್ಲಿ ಮೂರು ಸಂಜೆ ಮೈದಾನದ ನಡುಭಾಗ ಹುಡುಗಿಯರದು. ಈ ಮಾತಿನಲ್ಲಿ ಚೌಕಾಸಿ ಇಲ್ಲ.

ಹದಿಹರೆಯದವರೆಲ್ಲರಿಗೂ ಚೆಂಡೇ ಬೇಕೆಂದಿಲ್ಲ. ಕಳೆದ ಕ್ರಿಸ್ತ ಜಯಂತಿಗೆ ನಮ್ಮ ಮಕ್ಕಳು, ನಮ್ಮ ಜಿಲ್ಲೆಯವರೇ ಆದ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ರಂಗದ ಮೇಲೆ ತಂದುದನ್ನು ನೀವು ನೋಡಿದ್ದೀರಿ. ಗೋಣಿಚೀಲದ ಇಲಿಗಳು, ಬಣ್ಣದ ಕಾಗದದ ಪೇಟ. ಒಟ್ಟು ಖರ್ಚು ಎಂಟುನೂರು ರೂಪಾಯಿ ದಾಟಲಿಲ್ಲ. ಜೋಗಿಯಾದವನು ಎರಡು ವಿಷಯಗಳಲ್ಲಿ ನಪಾಸಾಗಿ ಮನೆಯಲ್ಲಿ ಯಾರೊಡನೆಯೂ ಮಾತನಾಡದಿದ್ದ ಹುಡುಗ. ಅಂದು ಅವನ ತಂದೆ ಕಣ್ಣೊರೆಸಿಕೊಂಡುದನ್ನು ನಾವು ಗೋದಲಿಯ ಪಕ್ಕದಲ್ಲಿ ನಿಂತು ನೋಡಿದೆವು. ಸಾಗರ ತಾಲೂಕಿನ ಹೆಗ್ಗೋಡು ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಹಳ್ಳಿಯ ನಾಟಕದಿಂದ ಎಷ್ಟು ದೂರ ಹೋಗಬಹುದೆಂಬುದನ್ನು ನಾಡಿಗೇ ತೋರಿಸಿದೆ. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಹಳ್ಳಿಗೆ ಸಾಧ್ಯವಾದುದು ನಗರದ ಒಂದು ಧರ್ಮಕೇಂದ್ರಕ್ಕೆ ಏಕೆ ಅಸಾಧ್ಯ?

ಈಗ ಕಷ್ಟದ ಮಾತು. ಶತಮಾನೋತ್ಸವದ ನೆನಪಿಗಾಗಿ ಮೈದಾನದ ರಸ್ತೆಬದಿಯಲ್ಲಿ ಹತ್ತು ಮಳಿಗೆಗಳನ್ನು ಕಟ್ಟಿ ಬಾಡಿಗೆಗೆ ಕೊಡಬೇಕೆಂಬ ಸಲಹೆ ಪಾಲನಾ ಸಮಿತಿಯ ಮುಂದಿದೆ. ಸಲಹೆ ಕೊಟ್ಟವರು ದುರಾಸೆಯವರಲ್ಲ. ದೇವಾಲಯದ ಮಾಡು ಸೋರುತ್ತಿದೆ. ಬಡ ಮಕ್ಕಳ ಶಾಲಾ ಶುಲ್ಕದ ನಿಧಿ ಬರಿದಾಗಿದೆ. ಬಾಡಿಗೆ ಬಂದರೆ ಎರಡಕ್ಕೂ ದಾರಿಯಾಗುತ್ತದೆ. ಆದರೆ ಮಳಿಗೆ, ಅದರ ಮುಂದೆ ವಾಹನ ನಿಲ್ದಾಣ, ಹಿಂದೆ ಗೋದಾಮು ಎಂದರೆ ಉಳಿಯುವ ಬಯಲಿನಲ್ಲಿ ವಾಲಿಬಾಲಿನ ಅಂಕಣ ಹಿಡಿಸುವುದಿಲ್ಲ. ನಾವು ಹಗ್ಗ ಹಿಡಿದು ಅಳೆದು ನೋಡಿದ್ದೇವೆ. ಜೆಕರ್ಯ ಪ್ರವಾದಿಯ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ, ದೇವರು ಮತ್ತೆ ಒಲಿದ ಜೆರುಸಲೇಮಿನ ಗುರುತಾಗಿ, ಕೋಲೂರಿದ ಮುದುಕರು ಕುಳಿತಿರುವ ಬೀದಿಗಳಲ್ಲಿಯೇ ಹುಡುಗ ಹುಡುಗಿಯರು ತುಂಬಿಕೊಂಡು ಆಡುವ ಚಿತ್ರವಿದೆ. ಅದನ್ನು ಓದಿದ ಮೇಲೆ ಆ ನಕ್ಷೆಗೆ ಸಹಿ ಹಾಕಲು ನಮ್ಮ ಕೈ ಏಳಲಿಲ್ಲ. ಮಾಡಿನ ದುರಸ್ತಿಗೆ ಮನೆಮನೆಗೆ ಬಂದು ಕೈಯೊಡ್ಡಲು ನಾವು ಸಿದ್ಧರಿದ್ದೇವೆ. ಸಮಿತಿಯ ತೀರ್ಮಾನ ಮುಂದಿನ ತಿಂಗಳು. ನಿಮ್ಮ ಅಭಿಪ್ರಾಯ ನಮ್ಮದಕ್ಕೆ ವಿರುದ್ಧವಾಗಿದ್ದರೆ ಅದನ್ನೂ ಸಭೆಯಲ್ಲಿಯೇ ಎದ್ದು ಹೇಳಿರಿ, ಗೇಟಿನ ಹೊರಗೆ ಬೇಡ.

ಗಾಜಿನ ಕಿಟಕಿಗಳಿಗೆ ತಂತಿಯ ಜಾಲರಿ ಬಿಗಿಸಿಯಾಗಿದೆ. ಗಾಜು ಕೊಟ್ಟ ಹಿರಿಯರೇ ಅದರ ವೆಚ್ಚವನ್ನು ವಹಿಸಿಕೊಂಡರು. ನಾಳೆ ಸಂಜೆ ನಾಲ್ಕೂವರೆಗೆ ಬೀಗ ತೆಗೆಯುತ್ತೇವೆ. ಆಡುವ ಮಕ್ಕಳು ಯಾವ ಧರ್ಮದವರೆಂದು ಯಾರೂ ಕೇಳಬಾರದು. ಪ್ರತಿದಿನ ಇಬ್ಬರು ಹಿರಿಯರು, ಅವರಲ್ಲಿ ಒಬ್ಬರಾದರೂ ಹೆಂಗಸರು, ಎರಡು ಗಂಟೆ ಅಲ್ಲಿ ಕುಳಿತಿರಬೇಕು. ಆಡಿಸುವುದೂ ಬೇಡ, ಗದರಿಸುವುದೂ ಬೇಡ, ಮಂಡಿ ತರಚಿದವರಿಗೆ ಔಷಧ ಹಚ್ಚಿದರೆ ಸಾಕು. ಐದು ದಿನಗಳಿಗೆ ಹೆಸರುಗಳು ಬಂದಿವೆ. ಸೋಮವಾರಕ್ಕೂ ಗುರುವಾರಕ್ಕೂ ಇನ್ನೂ ಯಾರೂ ಒಪ್ಪಿಲ್ಲ. ಹಾಳೆಯು ಬಾಗಿಲ ಬಳಿಯ ಮೇಜಿನ ಮೇಲಿದೆ, ಪೆನ್ನನ್ನೂ ಇಟ್ಟಿದ್ದೇವೆ.