ಹಳೆಯ ಗಾಲ್ಫ್ ಕೋಲುಗಳು ಹೇಳುವ ಕಥೆ

ಕ್ಲಬ್ ಎಂದೊಡನೆ ಅನೇಕರಿಗೆ ನೆನಪಾಗುವುದು ಇಸ್ಪೀಟು ಮತ್ತು ಸಂಜೆಯ ಹರಟೆ. ಗಾಲ್ಫ್ ಆಟಗಾರನಿಗೆ ಮಾತ್ರ ಕ್ಲಬ್ ಎಂದರೆ ಚೆಂಡು ಹೊಡೆಯುವ ಕೋಲು. ಇಂದಿನ ಮಾತು ಆ ಕೋಲನ್ನು ಕುರಿತದ್ದು. ಅದರಲ್ಲಿಯೂ, ಉಕ್ಕು ಬರುವ ಮೊದಲಿನ ಮರದ ಕೋಲುಗಳನ್ನು ಹುಡುಕಿ, ಕೂಡಿಟ್ಟು, ಓದುವವರನ್ನು ಕುರಿತದ್ದು. ಓದುವವರು ಎಂದದ್ದು ಬಾಯಿತಪ್ಪಿ ಅಲ್ಲ.

1603ರಲ್ಲಿ ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸ್, ಎಡಿನ್‌ಬರೋದ ವಿಲಿಯಂ ಮೇನ್ ಎಂಬಾತನನ್ನು ತನ್ನ ಕ್ಲಬ್ ತಯಾರಕನನ್ನಾಗಿ ನೇಮಿಸಿದ. ಈ ಮೇನ್ ಬಿಲ್ಲು ಮಾಡುವ ಕಸುಬಿನವನು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಎರಡಕ್ಕೂ ಬೇಕಾದದ್ದು ಬಾಗಿಯೂ ಮುರಿಯದೆ, ಮರುಕ್ಷಣ ನೆಟ್ಟಗಾಗುವ ಮರ. ಕೊಡಲಿಗಿರುವಂತೆ ಗಾಲ್ಫ್ ಕೋಲಿಗೂ ಒಂದು ಕಾವು, ಒಂದು ತಲೆ. ಆರಂಭದಲ್ಲಿ ಕಾವು ಆ್ಯಶ್ ಮರದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಹಿಕರಿ ಮರ ಅದರ ಸ್ಥಾನವನ್ನು ಆಕ್ರಮಿಸಿತು. ತಲೆ ಬೀಚ್ ಅಥವಾ ಸೇಬಿನ ಮರದ್ದು. ಉದ್ದ ಮೂಗಿನಂತೆ ಚಾಚಿಕೊಂಡದ್ದು. ಅದರ ಬೆನ್ನಿಗೆ ಭಾರಕ್ಕಾಗಿ ಸೀಸ ಎರೆದು, ತಳದ ಅಂಚು ಸವೆಯದಂತೆ ಟಗರಿನ ಕೊಂಬಿನ ಪಟ್ಟಿ ಕೂರಿಸುತ್ತಿದ್ದರು. ಕಾವನ್ನೂ ತಲೆಯನ್ನೂ ಓರೆಯಾಗಿ ಕೊಯ್ದು ಅಂಟಿಸಿ, ಟಾರು ಬಳಿದ ಹುರಿಯಿಂದ ಬಿಗಿಯಾಗಿ ಸುತ್ತುತ್ತಿದ್ದರು. ಇದರಲ್ಲಿ ಯಂತ್ರದ ಕೆಲಸವೇ ಇಲ್ಲ. ಸೇಂಟ್ ಆ್ಯಂಡ್ರೂಸ್‌ನ ಹ್ಯೂ ಫಿಲ್ಪ್ ಮಾಡಿದ ಕೋಲುಗಳ ಅಂದವನ್ನು ಕಂಡವರು ಅವನನ್ನು ಪಿಟೀಲು ತಯಾರಕ ಸ್ಟ್ರಾಡಿವೇರಿಗೆ ಹೋಲಿಸುತ್ತಾರೆ. ಈ ಹೋಲಿಕೆಯಲ್ಲಿ ಅಭಿಮಾನದ ಪಾಲು ಸ್ವಲ್ಪ ಇದ್ದೀತು. ಆದರೂ ಫಿಲ್ಪನ ಕೋಲಿನ ಕತ್ತಿನ ತಿರುವನ್ನು ನೋಡಿದವರು ಅದನ್ನು ತಳ್ಳಿಹಾಕಲಾರರು.

ಇಂಗ್ಲೆಂಡಿನ ಹಲ್ ನಗರದ ಮನೆಯೊಂದರ ಮುಚ್ಚಿಹೋದ ಕಪಾಟಿನಲ್ಲಿ ಎಂಟು ಹಳೆಯ ಕೋಲುಗಳು ಸಿಕ್ಕಿದವು. ಜತೆಗಿದ್ದ ವೃತ್ತಪತ್ರಿಕೆ 1741ರದು. ಎಂಟರಲ್ಲಿ ಆರು ಮರದ ತಲೆಯವು, ಎರಡೇ ಕಬ್ಬಿಣದವು. ಏಕೆ ಹೀಗೆ? ಆಗಿನ ಚೆಂಡು ಚರ್ಮದ ಚೀಲದೊಳಗೆ ಹಕ್ಕಿಯ ಗರಿ ತುರುಕಿ ಹೊಲಿದದ್ದು. ಬೆಲೆ ಬಹಳ. ಕಬ್ಬಿಣದ ಏಟು ತಪ್ಪಿ ಬಿದ್ದರೆ ಚರ್ಮ ಹರಿದು ಹೋಗುತ್ತಿತ್ತು. ಆದ್ದರಿಂದ ಗಾಡಿಜಾಡಿನಲ್ಲೋ ಮರಳಿನಲ್ಲೋ ಚೆಂಡು ಸಿಕ್ಕಿಕೊಂಡಾಗ ಮಾತ್ರ ಕಬ್ಬಿಣಕ್ಕೆ ಕೈಹಾಕುತ್ತಿದ್ದರು.

1848ರ ಸುಮಾರಿಗೆ ಮಲಯದ ಮರದ ಹಾಲಿನಿಂದಾದ ಗಟಾಪರ್ಚಾ ಚೆಂಡು ಬಂದಿತು. ಅಗ್ಗದ್ದು, ಗಟ್ಟಿಯಾದದ್ದು. ಈಗ ಪೆಟ್ಟು ತಿನ್ನುವ ಸರದಿ ಮರದ ತಲೆಯದಾಯಿತು. ಅದು ಸೀಳದಿರಲೆಂದು ಮುಖಕ್ಕೆ ಚರ್ಮದ ತುಂಡು ಕೂರಿಸಿದರು, ಮೂಗನ್ನು ಮೊಟಕುಗೊಳಿಸಿದರು. ಕಮ್ಮಾರರ ಕುಲುಮೆಗಳಿಗೆ ಕೆಲಸ ಹೆಚ್ಚಿತು. ಕ್ಲೀಕ್, ಮ್ಯಾಶಿ, ನಿಬ್ಲಿಕ್ ಎಂಬ ವಿಚಿತ್ರ ಹೆಸರುಗಳ ಕಬ್ಬಿಣದ ಕೋಲುಗಳು ಬಳಕೆಗೆ ಬಂದವು. ಬೆಂಗಳೂರಿನಲ್ಲಿ 1876ರಲ್ಲಿ ಗಾಲ್ಫ್ ಕ್ಲಬ್ ಆರಂಭವಾದಾಗ ಆಡಿದ್ದು ಈ ಕಾಲದ ಮರದ ಕಾವಿನ ಕೋಲುಗಳಿಂದಲೇ. ಚೆಂಡು ಬದಲಾದದ್ದನ್ನು ಕೋಲಿನ ಮೈ ನೋಡಿಯೇ ಹೇಳಬಹುದು. ಸಂಗ್ರಾಹಕ ಓದುವುದು ಇದನ್ನು.

ಕಮ್ಮಾರರು ಕಬ್ಬಿಣದ ತಲೆಯ ಹಿಂಬದಿಗೆ ತಮ್ಮ ಗುರುತು ಒತ್ತುತ್ತಿದ್ದರು. ಸೇಂಟ್ ಆ್ಯಂಡ್ರೂಸ್‌ನ ಟಾಮ್ ಸ್ಟೂವರ್ಟನದು ಹೊಗೆಕೊಳವೆ. ಇಂಥ ಕೋಲು ಅಟ್ಟದ ಮೇಲೆ ಸಿಕ್ಕಿದಾಗ ಜನ ಮಾಡುವ ಮೊದಲ ಕೆಲಸವೆಂದರೆ ಉಪ್ಪುಕಾಗದದಿಂದ ತಿಕ್ಕಿ ಫಳಫಳ ಹೊಳೆಯಿಸುವುದು. ತುಕ್ಕಿನ ಜತೆಗೆ ಗುರುತೂ ಹೋಗುತ್ತದೆ, ಚೆಂಡು ತಾಗಿ ಸವೆದ ಜಾಗವೂ ಅಳಿಸಿಹೋಗುತ್ತದೆ. ಆಟದ ಕಾಲದಲ್ಲೇ ಚೀಲ ಹೊರುವ ಹುಡುಗರು ದಿನವೂ ತಿಕ್ಕಿ ಅರ್ಧ ಸವೆಸಿದ್ದನ್ನು, ಇವರು ಒಂದು ಮಧ್ಯಾಹ್ನದಲ್ಲಿ ಪೂರೈಸುತ್ತಾರೆ! ಒಣ ಬಟ್ಟೆ, ತುಸು ಎಣ್ಣೆ, ಇಷ್ಟು ಸಾಕು.

ಬೆಲೆಯ ಮಾತೂ ಬರುತ್ತದೆ. 2007ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಆ್ಯಂಡ್ರೂ ಡಿಕ್ಸನ್ ಮಾಡಿದ ಒಂದು ಕೋಲು 1,81,000 ಡಾಲರಿಗೆ ಮಾರಾಟವಾಯಿತು. ಇದನ್ನು ಕೇಳಿ ಹಿಗ್ಗುವ ಅಗತ್ಯವಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಕಾರ್ಖಾನೆಗಳು ಹಿಕರಿ ಕೋಲುಗಳನ್ನು ರಾಶಿರಾಶಿಯಾಗಿ ತಯಾರಿಸಿದವು. ಅಟ್ಟಗಳಲ್ಲಿ ಸಿಗುವುದು ಹೆಚ್ಚಾಗಿ ಅವೇ. 1929ರಲ್ಲಿ ಬ್ರಿಟನ್ನಿನಲ್ಲಿಯೂ ಉಕ್ಕಿನ ಕಾವಿಗೆ ಮಾನ್ಯತೆ ಸಿಕ್ಕಿತು. ಆಟಗಾರರ ಕಣ್ಣಿಗೆ ಒಗ್ಗಲೆಂದು ಹಲವು ಉಕ್ಕಿನ ಕಾವುಗಳಿಗೆ ಮರದ ಬಣ್ಣದ ಲೇಪ ಕೊಡುತ್ತಿದ್ದರು. ಹಿಕರಿಯೆಂದು ನಂಬಿ ಕೊಂಡವರು ಮೋಸಹೋದದ್ದುಂಟು. ಜೇಬಿನಲ್ಲೊಂದು ಅಯಸ್ಕಾಂತವಿದ್ದರೆ ಈ ಭಯವಿಲ್ಲ.

ಅಮೆರಿಕದ ಬಾಬಿ ಜೋನ್ಸ್ 1930ರಲ್ಲಿ ಒಂದೇ ವರ್ಷ ನಾಲ್ಕೂ ಮಹಾಸ್ಪರ್ಧೆಗಳನ್ನು ಗೆದ್ದದ್ದು ಹಿಕರಿ ಕೋಲುಗಳಿಂದ. 'ಕ್ಯಾಲಮಿಟಿ ಜೇನ್' ಎಂದು ಹೆಸರು ಪಡೆದ ಅವನ ಪಟರಿನ ಕಾವು ಬಿರುಕುಬಿಟ್ಟಿತ್ತು. ಅದನ್ನು ಕಪ್ಪು ದಾರದಿಂದ ಸುತ್ತಿ ಬಿಗಿದಿದ್ದರು. ಮುಂದೆ ಸ್ಪಾಲ್ಡಿಂಗ್ ಕಂಪನಿ ಅದರ ನಕಲುಗಳನ್ನು ಮಾರಿದಾಗ, ಒಂದಿಷ್ಟೂ ಬಿರುಕಿಲ್ಲದ ಹೊಸ ಕಾವುಗಳಿಗೂ ಮೂರು ಕಪ್ಪು ಪಟ್ಟಿಗಳನ್ನು ಸುತ್ತಿಯೇ ಕಳಿಸಿತು.