ಕಷ್ಟಕಾಲಕ್ಕೆ ನಾಯಿ ಬೆಕ್ಕುಗಳ ಬುತ್ತಿ

ನಮ್ಮ ಸೀಮೆಯ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ದನಗಳಿಗೆಂದು ಹುಲ್ಲಿನ ಬಣವೆ ಒಟ್ಟುತ್ತಿದ್ದರು. ಬಾಗಿಲಲ್ಲಿ ಮಲಗುವ ನಾಯಿಗಾಗಲಿ ಒಲೆಯ ಬಳಿ ಮುದುರಿಕೊಳ್ಳುವ ಬೆಕ್ಕಿಗಾಗಲಿ ಯಾರಾದರೂ ಕಣಜ ಕಟ್ಟಿದ್ದನ್ನು ನಾನು ಕೇಳಿಲ್ಲ. ಉಂಡು ಮಿಕ್ಕ ಅನ್ನವೇ ಅವುಗಳ ಪಾಲು. ಕಾಲ ಕೆಟ್ಟಾಗ ಮನೆಯಿಂದ ಮೊದಲು ಮಾಯವಾಗುವುದೂ ಆ ಮಿಕ್ಕ ಅನ್ನವೇ.

ಮುಂದಾಲೋಚನೆಯಿಲ್ಲದಲ್ಲಿ ಏನಾಗಬಹುದೆಂಬುದಕ್ಕೆ 1939ರ ಲಂಡನ್ ನಗರವೇ ನಿದರ್ಶನ. ವಾಯುದಾಳಿಯ ಕಾಲದಲ್ಲಿ ಪ್ರಾಣಿಗಳ ಹಿತವನ್ನು ನೋಡಿಕೊಳ್ಳಲೆಂದು ಅಲ್ಲಿ ಏರ್ಪಟ್ಟಿದ್ದ ಸಮಿತಿಯು ಆ ಬೇಸಗೆಯಲ್ಲಿ ಒಂದು ಕರಪತ್ರವನ್ನು ಹಂಚಿತು. ಸಾಕುಪ್ರಾಣಿಗಳನ್ನು ಹಳ್ಳಿಗೆ ಕಳುಹಿಸಬೇಕು. ಯಾರ ವಶಕ್ಕೂ ಒಪ್ಪಿಸಲಾಗದಿದ್ದರೆ ಕೊಲ್ಲಿಸಿಬಿಡುವುದೇ ದಯೆ, ಎಂಬುದು ಅದರ ತಾತ್ಪರ್ಯ. ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾಯಿತು. ಜನರು ತಮ್ಮ ನಾಯಿ ಬೆಕ್ಕುಗಳನ್ನು ತಾವೇ ಕರೆತಂದು ಪಶುವೈದ್ಯರ ಬಾಗಿಲಲ್ಲಿ ಸಾಲಾಗಿ ನಿಂತರು. ಮೊದಲ ವಾರದಲ್ಲಿಯೇ ಲಂಡನ್ನಿನಲ್ಲಿ ಸುಮಾರು 4,00,000 ಪ್ರಾಣಿಗಳು ಹತವಾದುವೆಂದು ಇತಿಹಾಸಜ್ಞೆ ಹಿಲ್ಡಾ ಕೀನ್ ತಮ್ಮ 2017ರ ಗ್ರಂಥದಲ್ಲಿ ತಿಳಿಸಿದ್ದಾರೆ. ಇದಕ್ಕೆ ಸರ್ಕಾರದ ಆಜ್ಞೆಯಿರಲಿಲ್ಲ. ಆಹಾರದ ಪಡಿತರ ಆರಂಭವಾದುದು 1940ರ ಜನವರಿಯಲ್ಲಿ. ಆ ನಗರದ ಮೇಲೆ ಸತತವಾದ ಬಾಂಬು ದಾಳಿ ಮೊದಲಾದುದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಎಂದರೆ ಹಸಿವು ಇನ್ನೂ ಬಂದಿರಲಿಲ್ಲ, ಹಸಿವಿನ ಭಯ ಬಂದಿತ್ತು. ಅದೇ ನಗರದ ಬ್ಯಾಟರ್ಸಿಯ ನಾಯಿಗಳ ಆಶ್ರಯಧಾಮವು ಯುದ್ಧಕಾಲವಿಡೀ 1,45,000 ನಾಯಿಗಳಿಗೆ ಅನ್ನವಿಕ್ಕಿತೆಂಬುದನ್ನು ನೆನೆದರೆ, ಆ ಅವಸರ ಇನ್ನಷ್ಟು ವ್ಯಥೆಗೊಳಿಸುತ್ತದೆ.

ನಮ್ಮಲ್ಲಿಯೂ 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಕಟವಾದ ದೇಶವ್ಯಾಪಿ ದಿಗ್ಬಂಧನವು ನಡುರಾತ್ರಿಗೇ ಜಾರಿಗೆ ಬಂದಿತು. ಪಶು ಆಹಾರದ ಅಂಗಡಿಗಳಿಗೆ ವಿನಾಯಿತಿಯೇನೋ ಇತ್ತು. ಸರಕು ಅಂಗಡಿಗೆ ಬಂದು ಸೇರುವುದು ಬೇರೆ ಮಾತು.

ಹಾಗಾದರೆ ಎಷ್ಟನ್ನು ಕೂಡಿಡಬೇಕು? ಊಹೆ ಬೇಡ, ತಕ್ಕಡಿ ಹಿಡಿಯಿರಿ. ನಾಯಿ ದಿನಕ್ಕೆ 300 ಗ್ರಾಂ ಒಣ ಆಹಾರವನ್ನು ತಿಂದರೆ ತಿಂಗಳಿಗೆ 9 ಕಿಲೋ. ಒಂದು ತಿಂಗಳಿನದು ಸಾಕು. ಕೋಣೆ ತುಂಬ ಪೇರಿಸುವುದು ಅವಿವೇಕ, ನೆರೆಯವನ ನಾಯಿಗೆ ಅನ್ಯಾಯ. ಒಣ ಆಹಾರದಲ್ಲಿನ ಕೊಬ್ಬು ಗಾಳಿ ತಗುಲಿದರೆ ಕಮಟುತ್ತದೆ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದರಂತೂ ಅದರ ವಿಷ ಪ್ರಾಣಿಯ ಯಕೃತ್ತನ್ನೇ ಕೆಡಿಸಬಲ್ಲುದು. ಆದಕಾರಣ ಚೀಲವನ್ನು ಬಿಚ್ಚಿ ಸುರಿಯದೆ, ಚೀಲದೊಡನೆಯೇ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಲೇಸು. ಹಳೆಯದನ್ನು ಮೊದಲು ಬಳಸಿ, ಅಷ್ಟನ್ನೇ ಹೊಸದಾಗಿ ತಂದಿಡತಕ್ಕದ್ದು.

ನಾಯಿಯ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಕೊಂಡ ಆಹಾರ ಮುಗಿದರೂ ಅನ್ನ, ರಾಗಿಮುದ್ದೆ, ಬೇಯಿಸಿದ ಮೊಟ್ಟೆಗಳಿಂದ ಕೆಲವು ದಿನ ಕಳೆಯಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿಗಳು ಮಾತ್ರ ಕೂಡದು. ಬೆಕ್ಕು ಹಾಗಲ್ಲ. ಹಾಲು ಅನ್ನದಿಂದಲೇ ಅದು ಬದುಕುವುದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವೇ ಆಗದು. ಅದಕ್ಕೆ ಮಾಂಸ ಬೇಕು. ಮಾಂಸದಲ್ಲಿರುವ ಟಾರಿನ್ ಎಂಬ ಸತ್ತ್ವ ಬೇಕು. ಅದರ ಕೊರತೆಯಿಂದ ಬೆಕ್ಕಿನ ಹೃದಯ ದುರ್ಬಲವಾಗುವುದೆಂದು 1987ರಲ್ಲಿ ಸಿದ್ಧವಾಯಿತು. ಹೊಸ ಆಹಾರವನ್ನು ಮುಟ್ಟದೆ ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯ. ಆದುದರಿಂದ ಬದಲಿ ಆಹಾರವನ್ನು ಕಷ್ಟ ಬಂದ ದಿನ ಪರಿಚಯ ಮಾಡಿಸಹೊರಡುವುದು ತಡವಾದ ಮಾತು. ನೆಮ್ಮದಿಯ ದಿನಗಳಲ್ಲಿಯೇ, ಹಳೆಯದರೊಡನೆ ಚಿಟಿಕೆ ಚಿಟಿಕೆಯಾಗಿ ಬೆರೆಸಿ, ಒಂದು ವಾರದಲ್ಲಿ ರೂಢಿಸಬೇಕು.

ನೀರು, ನಿತ್ಯದ ಔಷಧಗಳನ್ನು ಮರೆಯುವಂತಿಲ್ಲ. ಇನ್ನೊಂದು ಮಾತು: ತಾವು ಪರಸ್ಥಳದಲ್ಲಿ ಸಿಕ್ಕಿಕೊಂಡಾಗ ಬಾಗಿಲು ತೆರೆಯುವವರು ಯಾರು? ಡಬ್ಬಿಯ ಮೇಲೆ ದಿನಕ್ಕಿಷ್ಟೆಂದು ಬರೆದು ಅಂಟಿಸಿ, ಮನೆಯ ಬೀಗದ ಕೈಯೊಂದನ್ನು ಪಕ್ಕದ ಮನೆಯವರ ಬಳಿ ಕೊಟ್ಟಿರಿ. ನಾಯಿಗೆ ಅವರ ಗುರುತಿರಲಿ.